ಪ್ರಕಟಣೆಯ ಹೊತ್ತಿಗೆ

ಐವತ್ತೆಂಟು ಜನರಲ್ಲಿ ನಲವತ್ತೊಂದು ಜನ ಮೂರು ತಿಂಗಳಲ್ಲಿ ಒಮ್ಮೆಯಾದರೂ ಬಿದ್ದಿದ್ದಾರೆ ಎಂದು ಡಾಕ್ಟರ್ ಅಮೇಕರ್ ಮೂರನೆಯ ಸಲ ಹೇಳಿದಾಗ, ಅವರ ಸಹಾಯಕಿ ಜೋನೆಲ್ ತಾನೇ ಮನೆಮನೆಗೆ ಹೋಗಿ ಬರೆದು ತಂದ ಸಮೀಕ್ಷೆಯ ಹಾಳೆಗಳನ್ನು ಮತ್ತೆ ಜೋಡಿಸಿದಳು. ಎಲ್ಲರೂ ಬಿದ್ದದ್ದು ಭಾನುವಾರ. ಎಲ್ಲರೂ ಬಿದ್ದದ್ದು ನ್ಯೂ ಬೆಥನಿ ಚರ್ಚಿನೊಳಗೆ. ಕಪ್ಪು ಜನರ ಹೃದಯದ ಬಗ್ಗೆ ಹದಿನೈದು ವರ್ಷ ಸಂಶೋಧನೆ ಮಾಡಿದ ಡಾಕ್ಟರು, ತಾವೂ ಕಪ್ಪು ಜನಾಂಗದವರೇ, ಇಂಥದ್ದನ್ನು ಕಂಡಿರಲಿಲ್ಲ. ಚರ್ಚಿನ ನೆಲಮಾಳಿಗೆಯ ಹೀಟರಿನಿಂದ ವಿಷಗಾಳಿ ಸೋರುತ್ತಿರಬೇಕು, ಈಗಲೇ ಗ್ಯಾಸಿನವರನ್ನು ಕರೆಸುತ್ತೇನೆ ಎಂದು ಫೋನ್ ಎತ್ತಿದರು.

ತಪ್ಪು ಜೋನೆಲ್‌ಳದೇ. ಪ್ರಶ್ನೆಗಳು ಮೇಕನ್ ಊರಿನವರ ಆಡುಮಾತಿನಲ್ಲಿರಲಿ ಎಂದು ಡಾಕ್ಟರು ಹೇಳಿದ್ದಕ್ಕೆ, 'ಪ್ರಜ್ಞೆ ತಪ್ಪಿತ್ತೇ' ಎಂದಿದ್ದಲ್ಲಿ ಅವಳು 'ಬಿದ್ದುಬಿಟ್ಟಿದ್ದಿರಾ' ಎಂದು ತಿದ್ದಿದ್ದಳು. ಆ ಚರ್ಚಿನ ಬೆಂಚುಗಳ ಮೇಲೆಯೇ ಮಲಗಿ ಬೆಳೆದ ಹುಡುಗಿ. ಅಲ್ಲಿ ಆ ಮಾತಿಗೆ ಬೇರೆಯೇ ಅರ್ಥವಿದೆ ಎಂಬುದು, ಹುಟ್ಟಿದಾಗಿನಿಂದ ಕೇಳಿದ್ದರಿಂದಲೋ ಏನೋ, ಹೊಳೆದೇ ಇರಲಿಲ್ಲ.

"ಸರ್, ಅದು ಕಾಯಿಲೆಯಿಂದ ಬೀಳೋದಲ್ಲ," ಎಂದಳು ಮೇಜಿನ ಕಡೆ ನೋಡುತ್ತ. "ಹಾಡು ಜೋರಾದಾಗ ಪವಿತ್ರಾತ್ಮ ಇಳಿಯುತ್ತೆ. ಆಗ ಬೀಳ್ತಾರೆ. ಅದು ಒಳ್ಳೇ ಬೀಳೋದು."

"ನಲವತ್ತೊಂದು ಜನಾನೂ?"

"ನಮ್ಮ ಕ್ವಾಯರ್‌ನೋರು ಚೆನ್ನಾಗಿ ಹಾಡ್ತಾರೆ, ಸರ್."

ಡಾಕ್ಟರು ಉತ್ತರದ ಕನೆಟಿಕಟ್‌ನವರು. ಕೆಮ್ಮು ಬಂದರೂ ಎದ್ದು ಹೊರಗೆ ಹೋಗಿ ಕೆಮ್ಮಿ ಬರುವಂಥ ಚರ್ಚಿನಲ್ಲಿ ಬೆಳೆದವರು. ಫೋನ್ ಕೆಳಗಿಟ್ಟು, ಹಾಗಾದರೆ ಈ ಪ್ರಶ್ನೆಯನ್ನೇ ತೆಗೆದು ನಲವತ್ತೊಂದು ಉತ್ತರಗಳನ್ನೂ ಅಳಿಸಿಬಿಡೋಣ ಎಂದರು. ಅದೇ ಸುಲಭವಾಗಿತ್ತು. ಆದರೆ ಜೋನೆಲ್ ಹಾಳೆಗಳ ಮೇಲೆ ಕೈಯಿಟ್ಟಳು. ಅಷ್ಟು ಜನರಲ್ಲಿ ಒಬ್ಬರು ನಿಜವಾಗಿಯೇ ಬಿದ್ದಿದ್ದರೆ? ಶುಕ್ರವಾರದವರೆಗೆ ಬಿಡಿ, ಇನ್ನೊಮ್ಮೆ ಕೇಳಿ ಬರುತ್ತೇನೆ ಎಂದಳು. ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿಸಿತು.

ನಲವತ್ತೊಂದು ಮನೆ ಸುತ್ತುವ ಬದಲು ಅವಳು ಸಿಸ್ಟರ್ ಯೂಡೋರಾ ಮನೆಗೆ ಹೋದಳು. ಚರ್ಚಿನಲ್ಲಿ ಬಿಳಿ ಸಮವಸ್ತ್ರ ತೊಟ್ಟು, ಬೀಳುವವರನ್ನು ಹಿಡಿದು, ಮಲಗಿಸಿ, ಮೊಣಕಾಲಿನ ಮೇಲೆ ಬಟ್ಟೆ ಹೊದಿಸುವ ಹೆಂಗಸರಿಗೆಲ್ಲ ಆಕೆ ಮುಖ್ಯಸ್ಥೆ. ಇಸ್ತ್ರಿ ಮಾಡುತ್ತಲೇ ಸಿಸ್ಟರ್ ಯೂಡೋರಾ ಯಾರು ಯಾವ ಹಾಡಿನ ಎಷ್ಟನೇ ಚರಣಕ್ಕೆ ಬೀಳುತ್ತಾರೆ, ಯಾರು ಬೀಳುವ ಮುಂಚೆ ಹಿಂದೆ ತಿರುಗಿ ಹಿಡಿಯುವವರು ಇದ್ದಾರೋ ಇಲ್ಲವೋ ನೋಡಿಕೊಳ್ಳುತ್ತಾರೆ ಎಂದೆಲ್ಲ ಹೇಳಿದರು. ಚರ್ಚಿನ ಹಿರಿಯ ಡೀಕನ್ ಲೋಮ್ಯಾಕ್ಸ್ ಹೊಸ ಸೂಟು ಹಾಕಿದ ದಿನ ಬೀಳುವುದೇ ಇಲ್ಲವಂತೆ. ಜೋನೆಲ್ ನಗು ತಡೆಯುತ್ತ ಬರೆದುಕೊಂಡಳು. ಕೊನೆಗೆ ಮದರ್ ಪೆಟ್‌ವೇ ಹೆಸರು ಬಂದಾಗ ಇಸ್ತ್ರಿಪೆಟ್ಟಿಗೆ ನಿಂತಿತು.

"ಅವರು ಮೂರು ಸಲ. ಮೂರು ಸಲಾನೂ ಹಾಡು ನಿಂತು ಪ್ರಕಟಣೆ ಓದುವಾಗ."

"ಏನು ಪ್ರಕಟಣೆ?"

"ಒಂದ್ಸಲ, ಕಾರು ನಿಲ್ಲಿಸೋ ಜಾಗಕ್ಕೆ ಟಾರು ಹಾಕ್ಸೋದು. ಟಾರಿಗೆಲ್ಲ ಆತ್ಮ ಇಳಿಯಲ್ಲ, ಮಗೂ."

ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ ಎಂದು ಜೋನೆಲ್ ಕೇಳಿದಳು. ಇಡೀ ಚರ್ಚಿಗೇ ತಾಯಿಯ ಸ್ಥಾನದಲ್ಲಿ ಮೊದಲ ಸಾಲಿನಲ್ಲಿ ಕೂರುವ ಎಪ್ಪತ್ತೆಂಟರ ಹೆಂಗಸಿಗೆ, ನಿಮ್ಮ ಮೇಲೆ ಇಳಿದದ್ದು ಆತ್ಮವಲ್ಲ ಎಂದು ಹೇಳುವ ಗಂಡೆದೆ ಯಾರಿಗಿದೆ ಎಂದು ಸಿಸ್ಟರ್ ಯೂಡೋರಾ ಅವಳನ್ನೇ ದಿಟ್ಟಿಸಿದರು. ಹಿಂದೊಮ್ಮೆ ಯುವಜನರ ಭಾನುವಾರ ಚರ್ಚಿನಲ್ಲಿ ಎಲ್ಲರ ಮುಂದೆ ನಾಲ್ಕು ಸಾಲು ಓದಬೇಕಾಗಿ ಬಂದಾಗ ಬಚ್ಚಲಲ್ಲಿ ಚಿಲಕ ಹಾಕಿಕೊಂಡವಳು ಜೋನೆಲ್. ಅದು ಇಬ್ಬರಿಗೂ ನೆನಪಿತ್ತು.

ಗುರುವಾರ ಬೆಳಿಗ್ಗೆ ಮದರ್ ಪೆಟ್‌ವೇ ಮನೆಯ ಮುಂದಿನ ಜಗಲಿಯಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದರು. ಜೋನೆಲ್ ಕಾರಿನಲ್ಲೇ ಹತ್ತು ನಿಮಿಷ ಕೂತು, ಹೇಳಬೇಕಾದ್ದನ್ನು ಬಾಯಿಪಾಠ ಮಾಡಿ, ಇಳಿದ ಕೂಡಲೇ ಮರೆತಳು.

"ಬಾ ಹುಡುಗಿ. ಇವತ್ತೇನು ಎಣಿಸೋಕೆ ಬಂದೆ? ಹಲ್ಲಾ?"

ಜೋನೆಲ್ ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡಳು. ಅರ್ಧ ಬುಟ್ಟಿ ಬಿಡಿಸಿದಳು. ಆಮೇಲೆ, ಮದರ್, ಪ್ರಕಟಣೆ ಹೊತ್ತಿಗೆ ಮೂರು ಸಲ ಬಿದ್ದಿರಂತೆ ಎಂದಳು.

ಮದರ್ ಪೆಟ್‌ವೇ ಮುಖ ಬಿಗಿಯಿತು. "ಆತ್ಮ ಬರೋಕೆ ನಿನ್ನ ಅಪ್ಪಣೆ ಬೇಕಾ? ನಿನ್ನ ಕಾಲೇಜಿನವರದ್ದಾ?" ಎಂದರು. ತಮ್ಮ ಕಾಲದಿಂದಲೂ ಇಂಥವರು ಬರುತ್ತಲೇ ಇದ್ದಾರೆ, ರಕ್ತ ತೆಗೆಯುತ್ತಾರೆ, ತೂಕ ಬರೆದುಕೊಳ್ಳುತ್ತಾರೆ, ತೋಳಿಗೆ ಪಟ್ಟಿ ಕಟ್ಟುತ್ತಾರೆ, ಹೋದವರು ಒಬ್ಬರಾದರೂ ತಿರುಗಿ ಬಂದು ನಿನ್ನ ಮೈಯಲ್ಲಿ ಹೀಗಿದೆಯಮ್ಮ ಎಂದು ಹೇಳಿದ್ದುಂಟೇ ಎಂದು ಒಂದೊಂದು ಸಿಪ್ಪೆಯನ್ನೂ ಮುರಿದು ಮುರಿದು ಎಸೆದರು.

"ನಾನು ಅದನ್ನ ಹೇಳೋಕೇ ಬಂದಿರೋದು, ಮದರ್," ಎಂದಳು ಜೋನೆಲ್. ಹೇಳಿ, ಕೇಳದೆಯೇ ಅವರ ಮಣಿಕಟ್ಟು ಹಿಡಿದಳು.

ಆಶ್ಚರ್ಯವೆಂದರೆ ಅವರು ಕೈ ಎಳೆದುಕೊಳ್ಳಲಿಲ್ಲ. ಜೋನೆಲ್ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದಳು, ನಂಬದೆ ಇನ್ನೊಂದು ನಿಮಿಷ. ಮೂವತ್ತಾರು. ಇದರ ಎರಡರಷ್ಟಿರಬೇಕು, ಇದು ತಡ ಮಾಡುವಂಥದ್ದಲ್ಲ, ಇವತ್ತೇ ಆಸ್ಪತ್ರೆಗೆ ಹೋಗಬೇಕು, ಡಾಕ್ಟರ್ ಅಮೇಕರ್ ಬಾಗಿಲಲ್ಲೇ ಕಾಯುವಂತೆ ಮಾಡುತ್ತೇನೆ ಎಂದಳು.

ಮದರ್ ಪೆಟ್‌ವೇ ಬುಟ್ಟಿಯೊಳಗೆ ನೋಡುತ್ತ ಕೂತರು. ಚಳಿಗಾಲದಲ್ಲಿ ಒಬ್ಬ ಡಾಕ್ಟರಿಗೆ ಹೀಗಾಗುತ್ತಿದೆ ಎಂದು ಹೇಳಿದ್ದರಂತೆ. ಆತ ಮುಟ್ಟಿಯೂ ನೋಡದೆ, ವಯಸ್ಸಾಯಿತು, ತೂಕ ಇಳಿಸಿ ಎಂದನಂತೆ.

"ನಿಜವಾಗ್ಲೂ ಆತ್ಮ ಇಳಿದಾಗ, ಮಗಳೇ, ಬಿದ್ದಮೇಲೂ ಹಾಡು ಕೇಳ್ತಾ ಇರುತ್ತೆ," ಎಂದರು ಮೆಲ್ಲಗೆ. "ಈಗೀಗ ಏನೂ ಕೇಳಲ್ಲ. ದೀಪ ಆರಿಸಿದ ಹಾಗೆ." ಬುಟ್ಟಿ ಪಕ್ಕಕ್ಕಿಟ್ಟು, "ಯೂಡೋರಾ ಬಟ್ಟೆ ಹೊದಿಸಿ ಹಲ್ಲೆಲೂಯ ಅಂದ್ಬಿಟ್ಟಳು. ಅಲ್ಲ ಅನ್ನೋಕೆ ನಾಚಿಕೆ ಆಯ್ತು," ಎಂದರು.

ಜೋನೆಲ್ ಎದ್ದು ನಿಂತಳು. ಅವರನ್ನು ಎಬ್ಬಿಸಲು ಕೈ ಚಾಚಿದಳು. ಅದನ್ನು ಹಿಡಿದು ಎದ್ದ ಮದರ್ ಪೆಟ್‌ವೇ ಟೋಪಿಯಿಲ್ಲದೆ ಬರಿದಲೆಯಲ್ಲಿ ತಾನು ಎಲ್ಲಿಗೂ ಬರುವವಳಲ್ಲ ಎಂದು ಒಳಗೆ ನಡೆದರು. ಹಿಂದೆ ಹೊರಟವಳನ್ನು ಬಾಗಿಲಲ್ಲೇ ತಡೆದು, ಹೋಗಿ ಕಾರು ತಿರುಗಿಸಿಕೋ ಎಂದರು.

ಜೋನೆಲ್ ತಿರುಗಿಸಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಕಿಟಕಿಯ ಹತ್ತಿರವೇ ನಿಂತಳು. ಒಳಗೆ ಮದರ್ ಪೆಟ್‌ವೇ ನೇರಳೆ ಬಣ್ಣದ ಟೋಪಿ ಇಟ್ಟು ನೋಡಿ ತೆಗೆದರು, ಗರಿಯಿದ್ದ ಕಂದು ಟೋಪಿ ಇಟ್ಟು ಅದನ್ನೂ ತೆಗೆದರು, ಕೊನೆಗೆ ಬಿಳಿಯದನ್ನು ಇಟ್ಟು ಅಂಚನ್ನು ಹಣೆಯ ಕಡೆಗೆ ಕೊಂಚ ಓರೆಯಾಗಿ ಎಳೆದುಕೊಂಡರು. ಎಲ್ಲವನ್ನೂ ಒಂದೇ ಕೈಯಲ್ಲಿ ಮಾಡಿದರು. ಇನ್ನೊಂದು ಕೈ ಕನ್ನಡಿ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು.