ವೀಣೆಯ ಪಾಳಿ

ಪಂಢರಪುರದ ಈಚೆಗಿರುವ ನಮ್ಮೂರ ವಿಠೋಬನ ಗುಡಿಯಲ್ಲಿ ಏಳು ದಿನದ ನಾಮ ಸಪ್ತಾಹ ಮುಗಿಯುವವರೆಗೆ ವೀಣೆ ನೆಲ ಮುಟ್ಟುವಂತಿಲ್ಲ. ಹಗಲೂ ರಾತ್ರಿ ಒಬ್ಬರ ಕೊರಳಿನಿಂದ ಇನ್ನೊಬ್ಬರ ಕೊರಳಿಗೆ ಹೋಗುತ್ತಲೇ ಇರಬೇಕು. ಹಾಕಿಕೊಂಡವರು ತಮ್ಮ ಪಾಳಿ ಮುಗಿಯುವವರೆಗೆ ನಿಂತೇ ನಾಮ ಹಾಡುತ್ತಾರೆ. ಕೊಡುವವರೂ ತೆಗೆದುಕೊಳ್ಳುವವರೂ ಪರಸ್ಪರ ಕಾಲು ಮುಟ್ಟಿ ನಮಸ್ಕರಿಸುತ್ತಾರೆ. ಬೆಳಗಿನ ಪಾಳಿ ನಮ್ಮ ಯಜಮಾನರದು. ಅದನ್ನು ಬಿಡಿ ಎಂದರೆ ಪ್ರಾಣ ಬಿಡಿ ಎಂದಂತೆ.

ಹಿಂದೊಮ್ಮೆ ಸೊಂಟ ಮುರಿದು ಮಲಗಿದ್ದಾಗ ಅವರ ಎಡಗಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮಾತ್ರೆಯಿಂದ ಹೆಪ್ಪು ಕರಗಿತು, ಕಾಲು ಮಾತ್ರ ಮೊದಲಿನಂತಾಗಲಿಲ್ಲ. ಸಂಜೆಯಾದರೆ ಊತ, ಭಾರ, ಕಣಕಾಲಿನ ಸುತ್ತ ಕಪ್ಪು. ಹೋದ ವರ್ಷ ಸಪ್ತಾಹ ಮುಗಿದ ಮೇಲೆ ಅಲ್ಲೇ ಹುಣ್ಣಾಗಿ, ಮಾಯುವಷ್ಟರಲ್ಲಿ ದೀಪಾವಳಿ ಬಂತು. ಕಳ್ಳನೇನೋ ಹೋದ, ಬಾಗಿಲ ಚಿಲಕ ಮುರಿದು ಹೋದ ಎಂದರು ಡಾಕ್ಟರು. ನಾಳದೊಳಗಿನ ಕವಾಟ ಕೆಟ್ಟು, ಇಳಿದ ರಕ್ತ ಸರಿಯಾಗಿ ಮೇಲೇರುವುದಿಲ್ಲವಂತೆ. ಬಿಗಿ ಕಾಲುಚೀಲ ಹಾಕಿ, ನಡೆಯಿರಿ, ಒಂದೇ ಕಡೆ ನಿಲ್ಲಬೇಡಿ, ಇನ್ನೊಮ್ಮೆ ಹುಣ್ಣಾದರೆ ಮಾಯುವುದು ಕಷ್ಟ ಎಂದೂ ಹೇಳಿದ್ದರು.

ಈ ಪುಣ್ಯಾತ್ಮರು ಗುಡಿಯ ಮೆಟ್ಟಿಲಲ್ಲೇ ಚೀಲ ಬಿಚ್ಚಿ ಚಪ್ಪಲಿಯ ಪಕ್ಕ ಇಡುತ್ತಿದ್ದರು. ದೇವರ ಮುಂದೆ ಯಾರಾದರೂ ಕಾಲುಚೀಲ ಹಾಕುತ್ತಾರೆಯೇ ಎಂದು ನನಗೇ ಬುದ್ಧಿವಾದ. ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು.

ಈ ಸಲದ ಸಪ್ತಾಹದ ಮೊದಲ ಬೆಳಗ್ಗೆಯೂ ಅದೇ ಕಂಡು ನನಗೆ ಸಿಟ್ಟು ನೆತ್ತಿಗೇರಿತು. ಆ ಚೀಲವನ್ನು ಎತ್ತಿಕೊಂಡು ನೆಟ್ಟಗೆ ಒಳಗೆ ಹೋದೆ. ಊರೆಲ್ಲ ಕಾಲಿಗೆ ಬೀಳುವ ಹಿರಿಯರು ಗೇನು ಬುವಾ. ತಮ್ಮ ಪಾಳಿ ಮುಗಿಸಿ, ಇವರ ಕೊರಳಿಗೆ ವೀಣೆ ಹಾಕಿ, ಕಾಲು ಮುಟ್ಟಲು ಬಗ್ಗಿದ್ದರು.

"ಬುವಾ, ಇದು ಕಾಲುಚೀಲ ಅಲ್ರಿ, ಔಷಧ. ನನ್ನ ಮಾತು ಕೇಳವಲ್ರು, ನೀವರ ಹೇಳ್ರಿ," ಎಂದೆ.

ಬುವಾ ಕಪ್ಪಾದ ಕಣಕಾಲನ್ನು ನೋಡಿದರು. ನನ್ನ ಕೈಯಿಂದ ಚೀಲ ಇಸಿದುಕೊಂಡು, ನೆಲದ ಮೇಲೆ ಕುಳಿತು, ಇವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡರು. ಇವರು ಕಂಗಾಲಾಗಿ ಕಂಬಕ್ಕೆ ಒರಗಿದರು. ತಡೆಯೋಣವೆಂದರೆ ವೀಣೆ ಇಳಿಸುವಂತಿಲ್ಲ.

"ಬ್ಯಾಡ್ರಿ ಬುವಾ. ಹೊಲಸ ಕಾಲ್ರಿ ಅದು."

ಬುವಾ ಬೆರಳಿನಿಂದ ಸುಕ್ಕು ತೀಡುತ್ತ ಚೀಲವನ್ನು ಮೊಣಕಾಲಿನವರೆಗೆ ಏರಿಸಿದರು.

"ಪಾಳಿ ಪಾಳಿಗೂ ಮುಟ್ಟೋ ಕಾಲಽ ಅಲ್ಲೇನೋ ಸೋಪಾನ? ಇವತ್ತ ಒಂದೀಟ ಹೊತ್ತು ಹೆಚ್ಚು ಹಿಡದೆ. ನಿಂದರಬ್ಯಾಡ, ಗುಡಿ ಸುತ್ತ ಅಡ್ಡಾಡು. ವೀಣಾ ನೆಲಾ ಮುಟ್ಟಬಾರದು, ಅಷ್ಟಽ."

ಇವರು ಕಣ್ಣೊರೆಸಿಕೊಳ್ಳಲೂ ಕೈ ಬಿಡುವಿಲ್ಲದೆ, ಹಾಗೆಯೇ ನಾಮ ಹಾಡುತ್ತ ನಡೆಯತೊಡಗಿದರು.