ಸಾಕವ್ವ ಕಿವಿಯಲ್ಲಿ ಹೇಳಿದ ಹೆಸರು

ಬೆಳಗಾವಿಯ ಖಾಸಬಾಗದ ಹೆರಿಗೆ ಆಸ್ಪತ್ರೆಯಲ್ಲಿ ಕೂಸುಗಳಿಗೆ ಎಣ್ಣೆ ತಿಕ್ಕಿ, ಎರೆದು, ಬಟ್ಟೆಯಲ್ಲಿ ಸುತ್ತಿ ತಾಯಿಯ ಮಗ್ಗುಲಿಗೆ ಹಾಕುವ ಕೆಲಸ ಆಯಾ ಸಾಕವ್ವನದು. ಕೈ ಕೆಲಸ ಮಾಡುತ್ತಿದ್ದರೂ ಬಾಯಿಗೆ ಬಿಡುವಿಲ್ಲ. ಯಾವ ಬಾಣಂತಿ ಸಿಕ್ಕರೂ ಅವಳದು ಅದೇ ಪ್ರಶ್ನೆ.

"ಹೆಸರು ಏನ್ ವಿಚಾರ ಮಾಡೀರಿ? ಅದರ ಅರ್ಥಾ ಏನ್ರೀ?"

ಹೀಗೆ ಕೇಳಿ ಕೇಳಿ ಹದಿನಾಲ್ಕು ವರ್ಷದಲ್ಲಿ ಅವಳ ತಲೆಯಲ್ಲಿ ಹೆಸರುಗಳ ದೊಡ್ಡ ಗಂಟೇ ಕೂಡಿಬಿಟ್ಟಿತ್ತು. ನೂರ್ ಎಂದರೆ ಬೆಳಕು. ಕ್ಯಾಂಪ್ ಬಡಾವಣೆಯ ಕ್ರಿಶ್ಚಿಯನ್ ಹುಡುಗಿ ಮಗನಿಗಿಟ್ಟ ಫೆಲಿಕ್ಸ್ ಎಂದರೆ ಸುಖವಾಗಿರುವವನು. ಮರಾಠಿಯವರ ಧೋಂಡು ಎಂದರೆ ಕಲ್ಲು, ನಮ್ಮ ಕಲ್ಲಪ್ಪನಂತೆಯೇ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಇಂಥ ಹೆಸರಿಡುತ್ತಾರೆ. ಕಲ್ಲು, ಗುಂಡು, ತಿಪ್ಪೆ ಎಂದು ಕರೆದರೆ ಯಮ ಇದು ಯಾರಿಗೂ ಬೇಡವಾದ ಸಾಮಾನು ಎಂದು ಬಿಟ್ಟುಹೋಗುತ್ತಾನಂತೆ. "ಭಾಷಾ ಬ್ಯಾರೆ ಬ್ಯಾರೆ ಇರಬಹುದು, ಅವ್ವಗೋಳ ಅಂಜಿಕಿ ಮಾತ್ರ ಒಂದ" ಎನ್ನುತ್ತಿದ್ದಳು ಸಾಕವ್ವ.

ಅವಳ ಸ್ವಂತ ಹೆಸರಿನ ಅರ್ಥವನ್ನು ಮಾತ್ರ ಡಾಕ್ಟರ್ ಪೂರ್ಣಿಮಾ ತಾವೇ ಹೇಳಿಬಿಟ್ಟಿದ್ದರು. ಕೆಲಸಕ್ಕೆ ಸೇರಿದ ಮೊದಲ ದಿನ, "ಸಾಕವ್ವ ಅಂದ್ರ ಸಾಕಿ ಸಲಹೂ ಅವ್ವ. ಕೆಲಸಕ್ಕ ತಕ್ಕ ಹೆಸರು ನೋಡು" ಎಂದಿದ್ದರು. ಸಾಕವ್ವ ನಕ್ಕಿದ್ದಳು. ಅವಳೇನೂ ಸುಳ್ಳು ಹೇಳಲಿಲ್ಲ, ಖರೇ ಸಂಗತಿಯನ್ನೂ ಹೇಳಲಿಲ್ಲ, ಅಷ್ಟೇ.

ಖರೇ ಸಂಗತಿ ಖಾನಾಪುರದ ಅವಳ ಓಣಿಗೆಲ್ಲ ಗೊತ್ತಿತ್ತು. ಎರಡು ಹೆಣ್ಣಿನ ಮೇಲೆ ಹುಟ್ಟಿದ ಮೂರನೆಯವಳು ಅವಳು. ಹೆಣ್ಣು ಸಾಕು, ಇನ್ನು ಗಂಡು ಕೊಡು ಎಂದು ದೇವರಿಗೆ ತಿಳಿಯಲೆಂದೇ ಸಾಕವ್ವ ಎಂದು ಕರೆದಿದ್ದರು. ಎರಡು ವರ್ಷಕ್ಕೆ ತಮ್ಮ ಕಲ್ಮೇಶ ಹುಟ್ಟಿದ. ಹೆಸರು ದೇವರಿಗೆ ಮುಟ್ಟಿತು ಎಂದು ಓಣಿಯೆಲ್ಲ ಆಡಿಕೊಂಡಿತು. ಮೂವತ್ತೆಂಟು ವರ್ಷದಿಂದ ಯಾರು ಕೂಗಿದರೂ 'ನೀನು ಹೆಚ್ಚಾದಿ' ಎಂದೇ ಅವಳಿಗೆ ಕೇಳಿಸುತ್ತಿತ್ತು. ಅದನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ.

ಈಗ ಕಲ್ಮೇಶನ ಹೆಂಡತಿ ಲಕ್ಷ್ಮೀ ಇದೇ ಆಸ್ಪತ್ರೆಯಲ್ಲಿ ಮೂರನೆಯ ಹೆಣ್ಣು ಹಡೆದಿದ್ದಳು. ಮೂರನೆಯ ಸಲ ಹೊಟ್ಟೆ ಕೊಯ್ದದ್ದು, ರಕ್ತ ನಿಲ್ಲಲು ಬಹಳ ಹೊತ್ತು ಹಿಡಿದಿತ್ತು. "ಇನ್ನೊಂದು ಬಸಿರು ಆದ್ರ ಈಕಿ ಉಳಿಯೂದು ಕಷ್ಟ" ಎಂದು ಡಾಕ್ಟರ್ ಕಲ್ಮೇಶನ ಮುಂದೆ ಬಿಚ್ಚಿಯೇ ಹೇಳಿದ್ದರು. ಮಕ್ಕಳಾಗದ ಆಪರೇಷನ್ ಮಾತು ಬಂದಾಗ ಲಕ್ಷ್ಮೀ ಅತ್ತೆಯ ಮುಖ ನೋಡಿದಳು. ಅತ್ತೆ ಸಿದ್ದಕ್ಕ ಬೇಡವೆಂದು ತಲೆಯಾಡಿಸಿದಳು. ಲಕ್ಷ್ಮೀಯೂ ಬೇಡವೆಂದಳು. ಕಲ್ಮೇಶ ನೆಲ ನೋಡುತ್ತ ನಿಂತಿದ್ದ.

ತೊಟ್ಟಿಲಿಗೆ ಹಾಕುವ ದಿನ ಸಾಕವ್ವ ಮುಂಜಾನೆಯ ಬಸ್ಸಿಗೇ ಖಾನಾಪುರಕ್ಕೆ ಬಂದಳು. ಹಿತ್ತಲಲ್ಲಿ ತಾಯಿ ಸಿದ್ದಕ್ಕ ಗುಗ್ಗರಿ ಕುದಿಸುತ್ತಿದ್ದಳು. ಮಗಳು ಕುಳಿತುಕೊಳ್ಳುವ ಮೊದಲೇ ಮಾತು ತೆಗೆದಳು.

"ಕೂಸಿಗೆ ನಕುಸಾ ಅಂತ ಹೇಳಿಬಿಡು. ಬಾಜು ಮನಿ ಪ್ರಮಿಳಾಬಾಯಿ ಹೇಳ್ಯಾಳ. ಮರಾಠಿಯೊಳಗ ಬ್ಯಾಡಾದಾಕಿ ಅಂತ ಅರ್ಥಂತ. ಒಂದ ಮನ್ಯಾಗ ಇಬ್ಬರು ಸಾಕವ್ವ ಆದ್ರ ಕರಿಯಾಕ ಗೊಂದಲ ಆಕ್ಕೈತಿ."

"ಕನ್ನಡದಾಗ ಒಂದ ಸಲ ಹೇಳಿದ್ದಾತು, ಈಗ ದೇವರಿಗೆ ಮರಾಠಿಯೊಳಗ ಹೇಳ್ತಿಯೇನಬೇ?"

"ಚಾಷ್ಟಿ ಮಾಡಬ್ಯಾಡ."

"ಡಾಕ್ಟರು ಹೇಳಿದ್ದು ನೀನೂ ಕೇಳೀದಿ. ಆ ಹೆಸರು ಕೂಸಿಗಲ್ಲ. ಲಕ್ಷ್ಮೀಗೆ ಇನ್ನೊಂದು ಹಡಿ ಅಂತ ಹುಕುಂ ಕೊಟ್ಟಂಗ."

ಸಿದ್ದಕ್ಕ ಸೌಟು ಕೆಳಗಿಟ್ಟಳು. ಅವಳ ದನಿ ತಗ್ಗಿತು.

"ನೀ ಹುಟ್ಟಿದ ತಿಂಗಳದಾಗ ಮನಿ ಹಿರೇರು ನಿಮ್ಮಪ್ಪಗ ಎರಡನೇ ಹೆಣ್ಣು ನೋಡಾಕ ಹೋಗಿದ್ರು. ಕಾಕತಿ ಕಡಿ ಹುಡುಗಿ. ನಾ ಇಲ್ಲೇ, ಈ ಒಲಿ ಮುಂದ ಕುಂತು ಅತ್ತೇನಿ. ನಿನಗ ಆ ಹೆಸರಿಟ್ವಿ ಅಂತ ಎರಡು ವರ್ಷ ಕಾಯಾಕ ಒಪ್ಪಿದ್ರು. ಕಲ್ಮೇಶ ಹುಟ್ಟಿದ, ಆ ಮಾತು ನಿಂತಿತು. ನಿನ್ನ ಹೆಸರ ನನ್ನ ಸಂಸಾರ ಉಳಿಸೇತಿ. ನಾಳಿ ಲಕ್ಷ್ಮೀಗೂ ಸವತಿ ಬಂದ್ರ ನಾ ಏನ್ ಮಾಡ್ಲಿ?"

ಈ ಮಾತನ್ನು ಸಾಕವ್ವ ಮೊದಲ ಸಲ ಕೇಳುತ್ತಿದ್ದಳು. ಇಷ್ಟು ವರ್ಷ ತಾಯಿಯ ಮೇಲೆ ಕಟ್ಟಿಕೊಂಡಿದ್ದ ಸಿಟ್ಟನ್ನು ಈಗ ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಪಾಪ, ಅವಳೂ ಅಂಜಿದವಳೇ.

"ಆದ್ರೂ ಬೇ, ಆ ಹೆಸರು ಹೊತ್ತು ತಿರುಗಿದಾಕಿ ನಾನು. ನನಗ ಹೆಂಗ ಅನಸ್ತೈತಿ ಅಂತ ಒಮ್ಮೆರ ಕೇಳೀಯೇನ?"

"ಹೆಸರು ಅಂದ್ರ ಕರಿಯಾಕ ಅಷ್ಟ. ಅದರ ಅರ್ಥಾ ಯಾರು ನೋಡ್ತಾರ?"

"ಯಾರೂ ನೋಡಂಗಿಲ್ಲ ಅಂದ್ರ ದೇವರು ಹೆಂಗ ನೋಡ್ತಾನ?"

ಗುಗ್ಗರಿ ಕುದಿ ಬಂತು ಎಂದು ಸಿದ್ದಕ್ಕ ಒಲೆಯ ಕಡೆ ತಿರುಗಿದಳು.

ಅಂಗಳದಲ್ಲಿ ಕಲ್ಮೇಶ ಚಾಪೆ ಹಾಸುತ್ತಿದ್ದ. ಹೆಂಚಿನ ಕಾರ್ಖಾನೆಯಲ್ಲಿ ಹತ್ತು ಜನರ ಮೇಲೆ ಮೇಸ್ತ್ರಿ ಅವನು. ಮನೆಯಲ್ಲಿ ಅವನ ದನಿ ಕೇಳಿದವರಿಲ್ಲ.

"ನೀನರ ಹೇಳೋ" ಎಂದಳು ಸಾಕವ್ವ.

"ಅಕ್ಕಾ, ನಿನ್ನ ಹೆಸರಿನಿಂದ ಹುಟ್ಟಿದಾಂವ ನಾ ಅಂತ ಅವ್ವ ದಿನಾ ಹೇಳ್ತಾಳ. ಅದು ಸುಳ್ಳು ಅಂತ ನಾ ಹೆಂಗ ಹೇಳ್ಲಿ?"

ಅವನಿಗೆ ಬೈಯಲೂ ಮನಸ್ಸು ಬರಲಿಲ್ಲ. ಸಾಕವ್ವನಿಗೆ ಉಳಿದಿದ್ದ ದಾರಿ ಒಂದೇ. ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಮೊದಲು ಹೆಸರು ಹೇಳುವವಳು ಸೋದರತ್ತೆ. ಅವಳು ಹೇಳುವಾಗ ಸುತ್ತಲಿನ ಹೆಂಗಸರು ತಮಾಷೆಗೆ ಅವಳ ಬೆನ್ನಿಗೆ ಗುದ್ದುತ್ತಾರೆ. ಅವಳ ಬಾಯಿಂದ ಏನು ಬಂತೋ ಅದೇ ಹೆಸರು. ಸಾಕವ್ವ ಒಂದು ಹೆಸರನ್ನು ಬಸ್ಸಿನಲ್ಲೇ ಗಟ್ಟಿಮಾಡಿಕೊಂಡು ಬಂದಿದ್ದಳು. ಹಿಂದೆ ಅನಗೋಳದ ಬಾಣಂತಿಯೊಬ್ಬಳು ಮಗಳಿಗೆ ಇಟ್ಟಿದ್ದ ಹೆಸರದು.

ಮಧ್ಯಾಹ್ನ ತೊಟ್ಟಿಲ ಸುತ್ತ ಹೆಂಗಸರು ನೆರೆದರು. ಗುದ್ದುವುದರಲ್ಲಿ ಹೆಸರಾದ ಕಾಶವ್ವ ಸೆರಗು ಸಿಕ್ಕಿಸಿಕೊಂಡು ಎಲ್ಲರಿಗಿಂತ ಮುಂದೆ ನಿಂತಳು. ಸಾಕವ್ವ ಬಾಗಿದಳು. ಕೂಸಿನ ಕಿವಿಗೆ ಬಾಯಿ ಹಚ್ಚಿ ಕುರ್ರ್ ಎಂದಳು. ಬೆನ್ನ ಮೇಲೆ ಗುದ್ದುಗಳು ಬಿದ್ದವು. ಇನ್ನೇನು ಹೇಳಬೇಕು, ಆಗ ತೊಟ್ಟಿಲ ಆ ಬದಿಯಲ್ಲಿ ಗೋಡೆಗೊರಗಿ ಕುಳಿತ ಲಕ್ಷ್ಮೀಯ ಮುಖ ಕಂಡಿತು. ಬಿಳಿಚಿದ ಮುಖ, ಯಾರೇನು ಹೆಸರಿಟ್ಟರೂ ತನಗೆ ಸಂಬಂಧವಿಲ್ಲ ಎಂಬಂತಿತ್ತು. ಸಾಕವ್ವ ಹೆಸರು ಹೇಳುವುದನ್ನು ಬಿಟ್ಟು ಅವಳನ್ನೇ ನೋಡಿದಳು.

"ಹೇಳವಾ ಹೇಳ" ಎಂದು ಕಾಶವ್ವ ಇನ್ನೂ ಜೋರಾಗಿ ಗುದ್ದಿದಳು. ಹತ್ತು ಕೈ ಸೇರಿದವು. ಕೂಸು ಬೆಚ್ಚಿ ಅಳತೊಡಗಿತು. ಸಾಕವ್ವನಿಗೆ ಉಸಿರು ಹಿಡಿಯಿತು. ಸಾಕು ಮಾಡ್ರಿ ಎನ್ನಲು ಹೋದಳು, ಅರ್ಧವೇ ಹೊರಬಿತ್ತು.

"ಸಾಕು..."

"ಸಾಕು ಅಂದ್ಲ" ಎಂದಳು ಕಾಶವ್ವ. "ತನ್ನ ಹೆಸರ ಕೊಟ್ಟಾಳ ನೋಡ್ರಿ. ಸಾಕವ್ವ."

"ಅಲ್ಲರೀ, ಗುದ್ದೂದು ಸಾಕು ಅಂದೆ ನಾ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಅತ್ತೆಯ ಬಾಯಿಂದ ಬಂದ ಹೆಸರನ್ನು ತಿರುಗಿಸುವಂತಿಲ್ಲ ಎಂದರು. ಸಿದ್ದಕ್ಕನ ಕಣ್ಣು ಸಂತೋಷದಿಂದ ತುಂಬಿತು. "ಮುಟ್ಟಿದ ಹೆಸರ ತಾನಾಗಿ ಬಂತು. ದೇವರ ಆಡಿಸಿದ" ಎಂದು ಕೈಮುಗಿದಳು. ಜೋಗುಳ ಶುರುವಾಯಿತು. ಯಾವ ಹೆಸರು ಕೂಸಿಗೆ ಬೀಳಬಾರದೆಂದು ಬಂದಿದ್ದಳೋ ಅದನ್ನೇ ತನ್ನ ಬಾಯಾರೆ ಕೊಟ್ಟಂತಾಯಿತು. ಸಾಕವ್ವ ತೊಟ್ಟಿಲು ಹಿಡಿದುಕೊಂಡು ಅತ್ತಳು. ಹೆಂಗಸರು ಅದನ್ನೂ ಸಂತೋಷವೆಂದೇ ತಿಳಿದು ಅವಳ ಉಡಿಗೆ ಗುಗ್ಗರಿ ಹಾಕಿದರು.

ಬೆಳಗಾವಿಗೆ ಮರಳಿದ ಮೇಲೆ ಸಾಕವ್ವ ಯಾವ ಬಾಣಂತಿಗೂ ಹೆಸರು ಕೇಳಲಿಲ್ಲ. ಎಣ್ಣೆ ತಿಕ್ಕಿದಳು, ಎರೆದಳು, ಕೊಟ್ಟಳು. ಡಾಕ್ಟರ್ ಪೂರ್ಣಿಮಾ ಮೈಯಲ್ಲಿ ಆರಾಮ ಇಲ್ಲವೇನು ಎಂದು ಎರಡು ಸಲ ಕೇಳಿದರು.

ಸೋಮವಾರ ಕಲ್ಮೇಶ ಬಂದ. ಕಾರ್ಖಾನೆಗೆ ರಜೆ ಹಾಕಿ ಬಂದಿದ್ದ. ಕೈಯಲ್ಲಿ ಜನನ ದಾಖಲೆಗೆ ಹೆಸರು ಬರೆಸುವ ಅರ್ಜಿ ಇತ್ತು.

"ನೀ ಅವತ್ತು ಹೇಳಾಕ ಹೊಂಟಿದ್ದ ಹೆಸರು ಬರಸ್ರಿ ಅಂದಾಳ ಲಕ್ಷ್ಮೀ. ಏನದು?"

"ಅಪೇಕ್ಷಾ."

"ಅಂದ್ರ?"

"ಬೇಕು ಅಂತ ಆಸೆ ಇಟ್ಟುಕೊಂಡು ಹಾದಿ ಕಾಯೂದು."

ಅವನು ನಿಧಾನವಾಗಿ ಬರೆದ. ಆಮೇಲೆ ತಲೆಯೆತ್ತದೆ ಹೇಳಿದ, "ಮನ್ಯಾಗ ಅವ್ವ ಸಾಕವ್ವ ಅಂತನ ಕರೀತಾಳ. ಓಣ್ಯಾಗೂ ಅದ ಆಗೇತಿ."

"ಗೊತ್ತೈತಿ. ಕಾಗದ ಅಷ್ಟ ನಮ್ಮ ಕೈಯಾಗ ಇರೂದು."

ಅರ್ಜಿ ಮಡಚಿಟ್ಟ ಮೇಲೂ ಕಲ್ಮೇಶ ಹೊರಡಲಿಲ್ಲ. "ಅವತ್ತು ನಾ ಬಾಗಲದಾಗ ನಿಂತಿದ್ದೆ ಅಕ್ಕಾ. ನೀ ಅಂದದ್ದು ಹೆಸರಲ್ಲ. ನನಗ ಕೇಳಸ್ತು" ಎಂದ. ಆಮೇಲೆ, "ಗಂಡಸರಿಗೆ ಆಪರೇಷನ್ ಮಾಡ್ತಾರಲ್ಲ, ಅದಕ್ಕ ಎಲ್ಲೆ ಬರಸಬೇಕು?" ಎಂದು ಕೇಳಿದ.

ಸಾಕವ್ವ ಮುಂದೆ ನಡೆದು ಗುಮಾಸ್ತ ಬಸಯ್ಯನ ಮೇಜು ತೋರಿಸಿದಳು. ಬಸಯ್ಯ ಹೆಸರು, ಊರು, ವಯಸ್ಸು ಬರೆದುಕೊಂಡ.

"ಮಕ್ಕಳೆಷ್ಟು?"

"ಮೂರು."

"ಗಂಡು?"

"ಮೂರೂ ಹೆಣ್ಣುರೀ."

ಬಸಯ್ಯನ ಪೆನ್ನು ನಿಂತಿತು. ಕನ್ನಡಕದ ಮೇಲಿಂದ ಕಲ್ಮೇಶನನ್ನು ನೋಡಿದ. "ಸರಿಯಾಗಿ ವಿಚಾರ ಮಾಡೀರೇನ್ರೀ? ಮನ್ಯಾಗ ಹಿರೇರು ಏನಂತಾರ?"

ಕಲ್ಮೇಶ ಒಮ್ಮೆ ಅಕ್ಕನ ಕಡೆ ನೋಡಿದ.

"ಸಾಕು ಅಂತ ಹೆಸರ ಇಟ್ಟಾರ್ರೀ" ಎಂದ. "ಬರಕೋರ್ರಿ."