ಉಪ್ಪು ನೋಡಿದ ನಾಲಿಗೆ

ಸಾಬಮ್ಮನಿಗೆ ಹಾಡಹಗಲೇ ಹೆದರಿಕೆ. ಹಟ್ಟಿಯಲ್ಲಿ ಕುರಿ ಕೆಮ್ಮಿದರೆ ಎದೆ ಧಸಕ್ಕೆನ್ನುತ್ತಿತ್ತು, ಬಾಗಿಲು ಕಿರ್ರೆಂದರೆ ಕಣ್ಣಲ್ಲಿ ನೀರು. ನಾಗಲಗಿದ್ದದ ಸೀಮೆಯಲ್ಲಿ ತೋಳದ ಮೇಲೆ ಕೋಲೆತ್ತಿದ ಹೆಂಗಸು ಇವಳೇ ಎಂದರೆ ಈಗ ಯಾರೂ ನಂಬಲಾರರು. ಅಂಗಾಲಲ್ಲಿ ಇರುವೆ ಹರಿದ ಹಾಗೆ ಜುಮುಜುಮು. ಒಲೆಯ ಮೇಲಿಟ್ಟದ್ದು ಮರೆತೇ ಹೋಗುತ್ತಿತ್ತು. ಇದೆಲ್ಲ ಯಾಕೆಂದು ತನಗೆ ಗೊತ್ತಿದೆ ಎಂದುಕೊಂಡಿದ್ದಳು. ಆ ಗೊತ್ತೇ ಅವಳನ್ನು ಹಿಂಡುತ್ತಿತ್ತು.

ಮೂರು ವರ್ಷದ ಹಿಂದೆ ಮೊಮ್ಮಗಳು ಭವಾನಿ ಜ್ವರದಲ್ಲಿ ಕಣ್ಣು ಮೇಲೆ ಸಿಕ್ಕಿಸಿಕೊಂಡಾಗ ಸಾಬಮ್ಮ ಮನೆದೇವರ ಭಂಡಾರದ ಅರಿಸಿನ ಮುಟ್ಟಿ, "ಮಲ್ಲಣ್ಣ, ಕೂಸು ಉಳದ್ರ ಸಾಯೋತನ ಮಾಂಸ ಮುಟ್ಟಂಗಿಲ್ಲಪ್ಪ" ಎಂದು ಮಾತು ಕೊಟ್ಟಿದ್ದಳು. ಕೂಸು ಉಳಿಯಿತು. ಮಾಂಸ ಬಿಟ್ಟಳು, ತತ್ತಿ ಬಿಟ್ಟಳು. ಹಾಲೂ ಜೀವದ ಮೈಯಿಂದಲೇ ಬಂದದ್ದಲ್ಲವೇ ಎಂದು ಹಾಲು ಮಜ್ಜಿಗೆಗೂ ಕೈಮುಗಿದಳು. ಹೇಳಿಕೊಂಡದ್ದು ಒಂದು ಸೇರು, ಅಳೆದು ಕೊಟ್ಟದ್ದು ಒಂದು ಖಂಡುಗ!

ಆದರೆ ಕುರಿ ಕಾಯುವವರ ಮನೆಗೆ ಬೀಗರು ಬಂದರೆ ಬೇಳೆಸಾರು ಬಡಿಸಲಾದೀತೇ? ಸಂಕ್ರಾಂತಿಯಾದ ಮೇಲೆ ಬೀಗರು ಬಂದರು, ಮರಿ ಕಡಿದರು. ಅಡುಗೆ ಸಾಬಮ್ಮನದೇ. ನಲವತ್ತು ವರ್ಷದ ರೂಢಿ ನೋಡಿ, ಸೌಟಿನಿಂದ ಅಂಗೈಗೆ ಒಂದು ಹನಿ ಎಸರು ಬಿಟ್ಟುಕೊಂಡು ಉಪ್ಪು ನೋಡಿಯೇಬಿಟ್ಟಳು. ನಾಲಿಗೆಗೆ ತಾಗಿದ ಮೇಲೆ ನೆನಪಾಯಿತು. ಉಗುಳಿದಳು, ಬೂದಿಯಿಂದ ಬಾಯಿ ತಿಕ್ಕಿದಳು. ಯಾರಿಗೂ ಹೇಳಲಿಲ್ಲ. ಮಲ್ಲಣ್ಣ ಕೊಟ್ಟದ್ದನ್ನು ತಿರುಗಿ ಕೇಳುತ್ತಾನೆಂಬ ಭಯದಲ್ಲಿ ದಿನಕ್ಕೆ ಹತ್ತು ಸಲ ಭವಾನಿಯ ಮೂಗಿಗೆ ಬೆರಳು ಹಿಡಿದು ಉಸಿರು ನೋಡತೊಡಗಿದಳು.

ಒಂದು ದಿನ ಶಾಲೆಗೆ ಹೊರಟ ಹುಡುಗಿಯನ್ನು ಕೋಣೆಯೊಳಗಿಟ್ಟು ಚಿಲಕ ಹಾಕಿದಳು. ಕೂಸು ಅತ್ತು ಅತ್ತು ಬಿಕ್ಕುತ್ತಿರುವಾಗ ಸೊಸೆ ಮೌನಿಕಾ ಬಂದು ಬಾಗಿಲು ತೆಗೆದಳು. ಅವತ್ತೇ ಅತ್ತೆಯನ್ನು ಆಟೋದಲ್ಲಿ ನಾರಾಯಣಖೇಡದ ದವಾಖಾನೆಗೆ ಕರೆದೊಯ್ದಳು.

ರಕ್ತ ತೆಗೆದು, ಮರುದಿನ ಚೀಟಿ ನೋಡಿದ ಡಾಕ್ಟರ್ ಪ್ರೇಮಲಾ ಹೇಳಿದರು: "ಆಯಿ, ನಿಮ್ಮ ಮೈಯಾಗ ಬಿ ಹನ್ನೆರಡು ಅನ್ನೋ ಸತ್ವ ಭಾಳ ಕಮ್ಮಿ ಅದರಿ. ಕಾಲು ಜುಮ್ಮನ್ನೋದು, ಮರವು ಅದರಿಂದನೇ. ಈ ಅಂಜಿಕಿಗೂ ಅದೇ ಕಾರಣ ಇರಬಹುದು. ಮಾಂಸ ಬಿಟ್ಟೋರು ಭಾಳ ಮಂದಿ ಹಾಲು ಮೊಸರು ಉಂಡು ಛಲೋ ಇರ್ತಾರ. ನೀವು ಅದನ್ನೂ ಬಿಟ್ಟೀರಿ. ಸೂಜಿ ಮಾಡ್ತೀನಿ, ಹಾಲು ಕುಡೀರಿ."

ಸಾಬಮ್ಮ ಗೊಳೋ ಎಂದು ಅತ್ತಳು. "ಅದಲ್ರಿ ಡಾಕ್ಟರ್ ಬಾಯಿ! ನಾ ಮಾಂಸದ ಎಸರಿನ ಉಪ್ಪು ನೋಡೀನ್ರಿ. ಅವತ್ತಿಂದೇ ಇದು ಹಿಡದದ. ನನ್ನ ಕೂಸು ಹೋಗ್ತದ."

ಮೌನಿಕಾ ಅವಳ ಕೈ ಹಿಡಿದಳು. "ಅವತ್ತಿಂದಲ್ಲ ಅತ್ತಿ. ದೀಪಾವಳಿಗೆ ಪಟಾಕಿ ಸಪ್ಪಳ ಕೇಳಿ ನೀವು ಜ್ವಾಳದ ಚೀಲದ ಹಿಂದ ಹೋಗಿ ಕುಂತಿದ್ರಿ. ನಾವೆಲ್ಲ ನಕ್ಕಿದ್ದೆವು. ಬೀಗರು ಬಂದದ್ದು ಸಂಕ್ರಾಂತಿ ಆದಮ್ಯಾಲ."

ಸಾಬಮ್ಮ ಬೆರಳು ಮಡಿಚಿ ಎಣಿಸಿದಳು. ದೀಪಾವಳಿ ಮೊದಲು, ಎಸರು ಆಮೇಲೆ. ಸೊಸೆಯ ಮಾತು ಸರಿಯಿತ್ತು. ಹೆದರಿಕೆ ಮಾತ್ರ ಎದೆಯಿಂದ ಇಳಿಯಲಿಲ್ಲ.

ಮನೆಗೆ ಬಂದ ಮೇಲೆ ಮೌನಿಕಾ ಲೋಟದಲ್ಲಿ ಆಡಿನ ಹಾಲು ತಂದಿಟ್ಟಳು. ಸಾಬಮ್ಮ ಭವಾನಿಯನ್ನು ಕರೆದು ತೊಡೆಯ ಮೇಲೆ ಕೂರಿಸಿಕೊಂಡಳು. ಒಂದು ಕೈಯ ಬೆರಳು ಅವಳ ಮೂಗಿನ ಕೆಳಗೆ, ಇನ್ನೊಂದು ಕೈಯಲ್ಲಿ ಲೋಟ.

"ಆಯಿ, ಬೆರಳ ತಗಿ, ಕಚಗುಳಿ ಆಗ್ತದ," ಎಂದಿತು ಕೂಸು.

ಸಾಬಮ್ಮ ತೆಗೆಯಲಿಲ್ಲ. ಒಂದು ಗುಟುಕು ಕುಡಿದು ಕಾದಳು. ಬೆರಳಿಗೆ ಬಿಸಿ ಉಸಿರು ತಾಗಿತು. ಆಮೇಲೆ ಎರಡನೆಯ ಗುಟುಕು ಕುಡಿದಳು.